ಭಾರ ಎಷ್ಟೆಂದು ಹೇಳುವವರು ಯಾರು

ಕೋಲಾರದ ಎ.ಪಿ.ಎಂ.ಸಿ. ಯಾರ್ಡಿನಲ್ಲಿ ಟೊಮೆಟೊ ಮಂಡಿಯೊಂದರ ಲೆಕ್ಕ ಬರೆಯುವುದು ನನ್ನ ಕೆಲಸ. ಸೀಸನ್ನಿನಲ್ಲಿ ಹರಾಜು ಶುರುವಾಯಿತೆಂದರೆ ಪುಸ್ತಕದಿಂದ ತಲೆ ಎತ್ತಲು ಪುರುಸೊತ್ತಿರುವುದಿಲ್ಲ. ಎತ್ತಿದರೆ ಕಾಣುವುದು ಬಾಕ್ಸು. ರೈತರ ಟೆಂಪೊದಿಂದ ಇಳಿಯುವ ಬಾಕ್ಸು, ಹರಾಜಿಗೆ ಸಾಲಾಗಿ ಜೋಡಿಸಿದ ಬಾಕ್ಸು, ಹರಾಜು ಮುಗಿದ ಮೇಲೆ ಲಾರಿಗೆ ಏರುವ ಬಾಕ್ಸು. ಒಂದೊಂದೂ 15 ಕೆ.ಜಿ. ಇಳಿಸುವುದು, ಜೋಡಿಸುವುದು, ಏರಿಸುವುದು ಎಲ್ಲವೂ ಹಮಾಲಿಗಳ ಕೆಲಸ. ನಾನು ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಎಂ.ಬಿ. ರಸ್ತೆ ಕಡೆಯ ಒಂದು ಜಿಮ್‌ಗೆ ಹೋಗಿ ಬಾರ್‌ಬೆಲ್, ಅಂದರೆ ಎರಡು ತುದಿಗೂ ತೂಕದ ಪ್ಲೇಟು ಹಾಕಿದ ಕಬ್ಬಿಣದ ಸರಳು, ಎತ್ತುತ್ತೇನೆ. ಕೆಲವು ವರ್ಷಗಳ ಅಭ್ಯಾಸ ಅದು, ಮಂಡಿಯಲ್ಲಿ ಎಲ್ಲರಿಗೂ ಗೊತ್ತು.

ಒಂದು ದಿನ ಟೀ ಹೊತ್ತಿನಲ್ಲಿ ನಮ್ಮ ಮಂಡಿಯ ಹಿರಿಯ ಹಮಾಲಿ ಅಣ್ಣ ಬಂದು ಕೂತರು. ಸೊಂಟಕ್ಕೆ ಕಟ್ಟಿದ್ದ ಬೆಲ್ಟು ಬಿಚ್ಚಿ ಪಕ್ಕಕ್ಕಿಟ್ಟರು. ಕೂರುವಾಗ ಒಂದು ಕೈ ಗೋಡೆಗೆ, ಒಂದು ಕೈ ತೊಡೆಗೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಅಕ್ಕಾ, ಭಾರ ಎತ್ತಿದ್ರೆ ಸೊಂಟ ಗಟ್ಟಿಯಾಗ್ತದೆ ಅಂತ ಮೊನ್ನೆ ಆ ಹುಡುಗಂಗೆ ಹೇಳ್ತಿದ್ರಲ್ಲ. ನಾನು ಮದುವೆಗೆ ಮುಂಚಿಂದ್ಲೂ ಎತ್ತುತಾನೇ ಇದೀನಿ. ನನ್ ಸೊಂಟ ಯಾಕೆ ಹೋಯ್ತು?"

ಕೆಣಕುವ ಮಾತಾಗಿರಲಿಲ್ಲ ಅದು. ನಿಜವಾಗಿಯೂ ತಿಳಿಯಬೇಕಿತ್ತು ಅವರಿಗೆ. ಅವತ್ತು ಅರ್ಧಂಬರ್ಧ ಏನೋ ಹೇಳಿದೆ, ಲಾರಿ ಬಂತು, ಅವರು ಎದ್ದು ಹೋದರು. ಪ್ರಶ್ನೆ ಮಾತ್ರ ನನ್ನ ಜೊತೆ ಉಳಿಯಿತು. ಭಾರ ಎತ್ತಿದರೆ ಮೈ ಗಟ್ಟಿಯಾಗುತ್ತದೆ ಎಂಬುದು ನಿಜವಾದರೆ ನಮ್ಮ ಯಾರ್ಡಿನ ಹಮಾಲಿಗಳ ಬೆನ್ನು ಜಿಲ್ಲೆಯಲ್ಲೇ ಗಟ್ಟಿಯಾಗಿರಬೇಕಿತ್ತು. ಅವರಲ್ಲಿ ಅನೇಕರು ಐವತ್ತು ದಾಟುವ ಮೊದಲೇ ಎಣ್ಣೆ, ಪಟ್ಟು, ಇಂಜೆಕ್ಷನ್ ಎಂದು ಅಲೆಯುತ್ತಾರೆ. ಅದೇ ವಯಸ್ಸಿಗೆ ಬಾರ್‌ಬೆಲ್ ಹಿಡಿದು ಬೆನ್ನುನೋವು ಕಳೆದುಕೊಂಡವರನ್ನೂ ನಾನು ಕಂಡಿದ್ದೇನೆ. ಎರಡೂ ಹೇಗೆ ನಿಜ?

ಒಂದು ಬಾಕ್ಸು ಲಾರಿಗೆ ಏರುವುದು

ಆಮೇಲೆ ಕೆಲವು ದಿನ ಬಿಡುವಾದಾಗೆಲ್ಲ ಅವರು ಎತ್ತುವುದನ್ನೇ ನೋಡಿದೆ. ಬಾಕ್ಸು ನೆಲದಲ್ಲಿರುತ್ತದೆ. ಸಾಲುಗಳ ನಡುವೆ ಕಾಲಿಡಲು ಮಾತ್ರ ಜಾಗ, ಹಾಗಾಗಿ ಮಂಡಿ ಮಡಿಸಿ ಕೂತು ಹಿಡಿಯಲು ಆಗುವುದಿಲ್ಲ. ಸೊಂಟದಿಂದಲೇ ಬಗ್ಗಿ, ಮುಂದಿನ ಬಾಕ್ಸಿನ ಆಚೆಗೆ ಕೈ ಚಾಚಿ ಹಿಡಿಯಬೇಕು. ಎತ್ತಿದ ಮೇಲೆ ಪಾದ ತಿರುಗಿಸುವಷ್ಟು ಹೊತ್ತಿಲ್ಲ; ಪಾದ ಇದ್ದಲ್ಲೇ ಇರುತ್ತದೆ, ಸೊಂಟದ ಮೇಲಿನ ಭಾಗ ಮಾತ್ರ ಲಾರಿ ಕಡೆ ತಿರುಗುತ್ತದೆ. ಕೊನೆಗೆ ಲಾರಿ ಮೇಲಿನವರ ಕೈಗೆ ಸಿಗುವಂತೆ ಎರಡೂ ತೋಳು ಚಾಚಿ ಮೇಲಕ್ಕೆ. ಇದೆಲ್ಲ ಎರಡು ಮೂರು ಉಸಿರಿನಲ್ಲಿ. ಮತ್ತೆ ಬಗ್ಗು. ಲಾರಿ ಯಾವ ಕಡೆ ನಿಂತಿದೆಯೋ ಆ ಕಡೆಗೇ ಇಡೀ ಲೋಡು ಮುಗಿಯುವವರೆಗೆ ತಿರುಗುವುದು.

15 ಕೆ.ಜಿ. ದೊಡ್ಡ ಭಾರವೇನಲ್ಲ. ಆದರೆ ಬೆನ್ನಿಗೆ ಬೀಳುವ ಹೊರೆ ಬಾಕ್ಸಿನ ತೂಕವೊಂದರಿಂದಲೇ ತೀರ್ಮಾನವಾಗುವುದಿಲ್ಲ, ಅದು ಬೆನ್ನುಮೂಳೆಯಿಂದ ಎಷ್ಟು ದೂರದಲ್ಲಿದೆ ಎನ್ನುವುದೂ ಸೇರುತ್ತದೆ. ಬೆನ್ನನ್ನು ನೆಟ್ಟಗೆ ಹಿಡಿಯುವ ಸ್ನಾಯುಗಳು ಬೆನ್ನುಮೂಳೆಯ ನಡುವಿನಿಂದ ಸುಮಾರು 5 ಸೆಂ.ಮೀ. ಹಿಂದಿರುತ್ತವೆ. ಬಾಕ್ಸು 50 ಸೆಂ.ಮೀ. ಮುಂದಿದ್ದರೆ ಆ ಸ್ನಾಯುಗಳು ಅದರ ಹತ್ತು ಪಟ್ಟು ಎಳೆಯಬೇಕು, ಅಂದರೆ 150 ಕೆ.ಜಿ. ಹೊರೆಗೆ ಸಮ. ಬಗ್ಗಿದ ಮೈಯ ತೂಕ ಇದರಲ್ಲಿ ಸೇರಿಲ್ಲ. ಅದೇ ಬಾಕ್ಸನ್ನು ಹೊಟ್ಟೆಗೆ ಒತ್ತಿ 25 ಸೆಂ.ಮೀ.ಗೆ ತಂದರೆ ಹೊರೆ ಅರ್ಧಕ್ಕಿಳಿಯುತ್ತದೆ. ಜಿಮ್‌ನಲ್ಲಿ ಡೆಡ್‌ಲಿಫ್ಟ್, ಅಂದರೆ ಬಾರನ್ನು ನೆಲದಿಂದ ಸೊಂಟದವರೆಗೆ ಎತ್ತುವುದನ್ನು, ಕಲಿಸುವಾಗ ಕೋಚ್ ಮೊದಲು ಹೇಳುವುದು ಬಾರ್ ಕಾಲಿಗೆ ಉಜ್ಜಿಕೊಂಡೇ ಮೇಲೆ ಬರಲಿ ಎಂದು. ಎಷ್ಟೋ ಜನ ಅದನ್ನು ಸ್ಟೈಲಿನ ಮಾತೆಂದುಕೊಳ್ಳುತ್ತಾರೆ. ಅದು ಈ ಲೆಕ್ಕ.

ಇಷ್ಟಾದರೂ ಪ್ರಶ್ನೆಗೆ ಅರ್ಧ ಉತ್ತರ ಮಾತ್ರ ಸಿಕ್ಕಿತು. ಉಳಿದರ್ಧ ವಿಶ್ರಾಂತಿಯಲ್ಲಿದೆ. ಎತ್ತುವ ಹೊತ್ತಿನಲ್ಲಿ ಮೈ ಗಟ್ಟಿಯಾಗುವುದಿಲ್ಲ, ಆಗ ಅದು ಸವೆಯುತ್ತದೆ. ಸವೆದದ್ದನ್ನು ದೇಹ ಆಮೇಲಿನ ಒಂದೆರಡು ದಿನ ಊಟ ನಿದ್ದೆಗಳಿಂದ ಕಟ್ಟಿಕೊಳ್ಳುತ್ತದೆ, ಮೊದಲಿಗಿಂತ ಚೂರು ಹೆಚ್ಚಾಗಿ. ಅದಕ್ಕೇ ಭಾರ ಎತ್ತುವ ತರಬೇತಿ ಇರುವುದು ಒಂದು ದಿನ ಎತ್ತಿ ಒಂದು ದಿನ ಬಿಡುವ ಕ್ರಮದಲ್ಲಿ. ಹಮಾಲಿಗೆ ಬಾಕ್ಸಿಗಿಷ್ಟು ಎಂದು ಕೂಲಿ. ಸೀಸನ್ನಿನಲ್ಲಿ ಬಿಟ್ಟ ದಿನ ಅಂದರೆ ಕಳೆದುಕೊಂಡ ದುಡ್ಡು. ಸವೆಯುವುದು ದಿನವೂ ಇದೆ, ಕಟ್ಟಿಕೊಳ್ಳಲು ಪುರುಸೊತ್ತು ಬರುವುದು ಸೀಸನ್ ಮುಗಿದ ಮೇಲೆ. ಅಷ್ಟು ಹೊತ್ತಿಗೆ ಸವೆತ ನೋವಾಗಿ ಕೂತಿರುತ್ತದೆ.

ಇದನ್ನೆಲ್ಲ ಆ ಅಣ್ಣನಿಗೆ ಹೇಳಿದೆ. ತಲೆದೂಗಿ ಕೇಳಿಸಿಕೊಂಡರು. "ಅಂದ್ರೆ ನಾನು ಎತ್ತಿದ್ದು ತಪ್ಪಲ್ಲ, ಬಿಡದೇ ಎತ್ತಿದ್ದು," ಎಂದರು. ಹೌದೆಂದೆ. "ಬಿಡೋದು ನಮ್ ಕೈಲಿಲ್ವಲ್ಲಕ್ಕಾ." ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಜಿಮ್ಮಿನ ಉತ್ತರವಿಲ್ಲ. ಅವರಿಗೆ ವ್ಯಾಯಾಮದ ಪಟ್ಟಿ ಬರೆದುಕೊಡುವುದು ಅನ್ಯಾಯ. ಅವರಿಗೆ ಬೇಕಾದದ್ದು ಲಾರಿ ಎತ್ತರಕ್ಕೆ ಒಂದು ಕಟ್ಟೆ, ಸಾಲುಗಳ ನಡುವೆ ಪಾದ ತಿರುಗಿಸುವಷ್ಟು ಜಾಗ, ವಾರಕ್ಕೊಂದು ಕೂಲಿ ಸಮೇತದ ರಜೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಒಬ್ಬ ಗಂಡಾಳು ಹೊರುವ ಮೂಟೆ 55 ಕೆ.ಜಿ. ಮೀರದಿರಲಿ ಎಂದು ಶಿಫಾರಸು ಮಾಡಿದ್ದು 1967ರಲ್ಲಿ. ಒಂದು ಮೂಟೆ ಎಷ್ಟಿರಬೇಕೆಂಬ ಲೆಕ್ಕ ಅದು. ಒಂದು ದಿನಕ್ಕೆ ಎಷ್ಟು ಮೂಟೆ ಎನ್ನುವ ಲೆಕ್ಕವನ್ನು ನಮ್ಮ ಯಾರ್ಡಿನಲ್ಲಿ ಮಾಡುವುದು ಲಾರಿ.

ಅಲ್ಲಿಂದ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಸುರಕ್ಷಿತವಾಗಿ ಬಲ ಬೆಳೆಸಿಕೊಳ್ಳುವುದರಲ್ಲಿ ಎಲ್ಲಕ್ಕಿಂತ ಮೊದಲ ಪ್ರಶ್ನೆ, ಇವತ್ತಿನ ಭಾರ ಎಷ್ಟು, ನಾಳೆ ಎತ್ತಬೇಕೋ ಬೇಡವೋ ಎಂದು ಹೇಳುವವರು ಯಾರು ಎನ್ನುವುದು. ಎತ್ತುವವರೇ ಹೇಳುವಂತಿದ್ದರೆ ಮೈ ಉಳಿಯುತ್ತದೆ.

ಜಿಮ್‌ನಲ್ಲೂ ಲಾರಿ ಇದೆ

ಜಿಮ್‌ನಲ್ಲಿ ಈ ಸ್ವಾತಂತ್ರ್ಯ ಇದ್ದೇ ಇದೆ ಎಂದುಕೊಳ್ಳುತ್ತೇವೆ. ಆದರೆ ಸಂಜೆ ಹೊತ್ತು ಬರುವ ಕಾಲೇಜು ಹುಡುಗರನ್ನು ನೋಡಿದರೆ ಹಾಗನ್ನಿಸುವುದಿಲ್ಲ. ಒಬ್ಬ ಎತ್ತುತ್ತಾನೆ, ಇಬ್ಬರು ಮೊಬೈಲ್ ಹಿಡಿದಿರುತ್ತಾರೆ, ಇನ್ನೊಬ್ಬ ಹಿಂದಿನಿಂದ "ಹಾಕು ಮಚ್ಚಾ, ಇನ್ನೊಂದು ಪ್ಲೇಟ್ ಹಾಕು" ಎನ್ನುತ್ತಾನೆ. ರೀಲ್ಸ್‌ನಲ್ಲಿ ಯಾರೋ ಎತ್ತಿದ ನೂರು ಕೆ.ಜಿ. ಇವನ ಬಾರ್ ಮೇಲೆ ಬಂದು ಕೂರುತ್ತದೆ. ಬೆನ್ನು ಬಿಲ್ಲಿನಂತೆ ಬಾಗಿದರೂ ಬಾರ್ ಮೇಲೆ ಬಂತಲ್ಲ ಎಂದು ಚಪ್ಪಾಳೆ. ಎಷ್ಟೋ ಸಲ ಟ್ರೈನರ್ ಕೂಡ ತಡೆಯುವುದಿಲ್ಲ. ಮೂರೇ ತಿಂಗಳಲ್ಲಿ ಮೈ ಬರಬೇಕೆಂದು ಫೀಸು ಕಟ್ಟಿದವನನ್ನು ನಿಧಾನಿಸಿದರೆ ಬೇರೆ ಜಿಮ್‌ಗೆ ಹೋಗುತ್ತಾನೆ.

ಹೊಸಬರು ಮೋಸಹೋಗುವುದಕ್ಕೆ ದೇಹದಲ್ಲೇ ಒಂದು ಕಾರಣವಿದೆ. ಮೊದಲ ಕೆಲವು ವಾರಗಳಲ್ಲಿ ಎತ್ತುವ ತೂಕ ಬಹಳ ಬೇಗ ಏರುತ್ತದೆ. ಅಷ್ಟರಲ್ಲಿ ಸ್ನಾಯು ಹೆಚ್ಚೇನೂ ಬೆಳೆದಿರುವುದಿಲ್ಲ. ಇರುವ ಸ್ನಾಯುವನ್ನೇ ಒಟ್ಟಾಗಿ ದುಡಿಸಲು ನರಮಂಡಲ ಕಲಿತಿರುತ್ತದೆ, ಅಷ್ಟೇ. ಆಮೇಲೆ ಸ್ನಾಯು ಬೆಳೆಯುತ್ತದೆ. ಸ್ನಾಯುವನ್ನು ಮೂಳೆಗೆ ಕಟ್ಟಿರುವ ಸ್ನಾಯುರಜ್ಜುಗಳಿಗೆ ರಕ್ತದ ಓಡಾಟ ಕಡಿಮೆ, ಅವು ಗಟ್ಟಿಯಾಗುವುದು ಎಲ್ಲಕ್ಕಿಂತ ನಿಧಾನ, ತಿಂಗಳುಗಟ್ಟಲೆ ಹಿಡಿಯುತ್ತದೆ. ಆದ್ದರಿಂದ ಎತ್ತಬಲ್ಲೆ ಎಂದು ಮನಸ್ಸು ಹೇಳುವ ಹೊತ್ತಿಗೆ ಭುಜ, ಮೊಣಕೈ, ಮಂಡಿಯ ಕಟ್ಟುಗಳು ಇನ್ನೂ ಹಿಂದೆ ಉಳಿದಿರುತ್ತವೆ. ಎರಡನೆಯ ಮೂರನೆಯ ತಿಂಗಳಲ್ಲಿ ಭುಜ ಹಿಡಿದುಕೊಂಡು ಜಿಮ್ ಬಿಡುವವರು ಇಷ್ಟೊಂದು ಇರುವುದು ಇದಕ್ಕೇ ಎಂದು ನನ್ನ ನಂಬಿಕೆ.

ಆ ಹುಡುಗರಿಗೆ ನಾನು ಹೇಳುವುದು ಕುಂದಾಪುರ ಕಡೆಯ ವೇಟ್‌ಲಿಫ್ಟರ್ ಗುರುರಾಜ ಪೂಜಾರಿ ಅವರ ಲೆಕ್ಕ. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕೆ.ಜಿ. ದೇಹತೂಕದ ವಿಭಾಗದಲ್ಲಿ ಸ್ನ್ಯಾಚ್ (ನೆಲದಿಂದ ಒಂದೇ ಏಟಿಗೆ ತಲೆ ಮೇಲಕ್ಕೆ) 111, ಕ್ಲೀನ್ ಆ್ಯಂಡ್ ಜರ್ಕ್ (ಮೊದಲು ಭುಜಕ್ಕೆ, ಆಮೇಲೆ ತಲೆ ಮೇಲಕ್ಕೆ) 138, ಒಟ್ಟು 249 ಕೆ.ಜಿ. ಎತ್ತಿ ಬೆಳ್ಳಿ ಗೆದ್ದರು. ನಾಲ್ಕು ವರ್ಷ ಬಿಟ್ಟು ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕೆ.ಜಿ. ವಿಭಾಗದಲ್ಲಿ 118 ಮತ್ತು 151, ಒಟ್ಟು 269 ಎತ್ತಿ ಕಂಚು. ಎರಡು ಕೂಟಗಳ ನಡುವೆ ಏರಿದ್ದು 20 ಕೆ.ಜಿ., ಅದೂ ದೇಹದ ತೂಕ ಹೆಚ್ಚಿಸಿಕೊಂಡ ಮೇಲೆ. ಬದುಕನ್ನೇ ಇದಕ್ಕೆ ಕೊಟ್ಟವರಿಗೆ ನಾಲ್ಕು ವರ್ಷದಲ್ಲಿ 20. ಈ ತಿಂಗಳೇ 20 ಏರಿಸುತ್ತೇನೆ ಎನ್ನುವ ಹುಡುಗ ಈ ಲೆಕ್ಕ ಕೇಳಿದ ಮೇಲೆ ಸ್ವಲ್ಪ ಸುಮ್ಮನಾಗುತ್ತಾನೆ.

ಅರ್ಧ ಕೆ.ಜಿ.

ನಮ್ಮ ಕಡೆಯ ಜಿಮ್‌ಗಳಲ್ಲಿ 20 ಕೆ.ಜಿ. ಪ್ಲೇಟು ಎಷ್ಟು ಬೇಕಾದರೂ ಸಿಗುತ್ತದೆ. ಚಿಕ್ಕದು ಸಿಗುವುದಿಲ್ಲ. ನಾನು ಹೋಗುವಲ್ಲಿ ಎಲ್ಲಕ್ಕಿಂತ ಚಿಕ್ಕದು ಎರಡೂವರೆ ಕೆ.ಜಿ. ಎರಡು ಕಡೆಗೂ ಹಾಕಬೇಕು, ಹಾಗಾಗಿ ಏರಿಸಿದರೆ ಒಂದೇ ಸಲ 5. ನೂರು ಎತ್ತುವ ಗಂಡಸಿಗೆ ಅದು ಇಪ್ಪತ್ತರಲ್ಲಿ ಒಂದು ಪಾಲು. ಖಾಲಿ ಬಾರನ್ನು, ಅಂದರೆ 20 ಕೆ.ಜಿ.ಯನ್ನು, ತಲೆ ಮೇಲೆತ್ತುವ ನನ್ನಂಥವಳಿಗೆ ನಾಲ್ಕರಲ್ಲಿ ಒಂದು ಪಾಲು. ಭುಜಕ್ಕೆ ಇದು ಮೆಟ್ಟಿಲಲ್ಲ, ಗೋಡೆ. ಎಷ್ಟೋ ಹೆಂಗಸರು ಅಲ್ಲಿಗೇ ನಿಂತು, ನಮಗಿದು ಆಗುವುದಲ್ಲ ಎಂದು ಟ್ರೆಡ್‌ಮಿಲ್ಲಿಗೆ ವಾಪಸಾಗುತ್ತಾರೆ. ಅವರ ಕೈಗೆ ಬಲ ಇಲ್ಲವೆಂದಲ್ಲ, ಜಿಮ್‌ನಲ್ಲಿ ಪ್ಲೇಟಿಲ್ಲ. ಸ್ಪರ್ಧೆಗಳಲ್ಲಿ ಹೆಂಗಸರ ಬಾರೇ ಬೇರೆ, 15 ಕೆ.ಜಿ. ತೂಕ, 25 ಮಿ.ಮೀ. ದಪ್ಪ, ಗಂಡಸರದು 20 ಕೆ.ಜಿ., 28 ಮಿ.ಮೀ. ಸ್ಪರ್ಧೆಯ ಪ್ಲೇಟುಗಳು ಅರ್ಧ ಕೆ.ಜಿ.ಯಿಂದ ಶುರುವಾಗುತ್ತವೆ, ಕನಿಷ್ಠ 1 ಕೆ.ಜಿ. ಏರಿಸಬಹುದು. ಸಿಡ್ನಿಯಲ್ಲಿ ಕರ್ಣಂ ಮಲ್ಲೇಶ್ವರಿ ಭಾರ ಎತ್ತಿ, ಒಲಿಂಪಿಕ್ ಪದಕ ಗೆದ್ದ ಮೊದಲ ಭಾರತೀಯ ಮಹಿಳೆಯಾದದ್ದು 2000ದಲ್ಲಿ. ಇಷ್ಟು ವರ್ಷ ಕಳೆದರೂ ಜಿಲ್ಲಾ ಕೇಂದ್ರದ ಜಿಮ್‌ನಲ್ಲಿ ಹೆಂಗಸರ ಬಾರ್ ಕೇಳಿದರೆ ಮುಖ ನೋಡುತ್ತಾರೆ. ಇದು ನನಗೆ ಬೇಸರದ ವಿಷಯ.

ಕೊನೆಗೆ ಬಂಗಾರಪೇಟೆ ರಸ್ತೆಯ ಒಂದು ಲೇತ್ ಅಂಗಡಿಗೆ ಹೋದೆ. ಅರ್ಧ ಕೆ.ಜಿ.ಯ ನಾಲ್ಕು ಕಬ್ಬಿಣದ ಬಿಲ್ಲೆ ಬೇಕು, ನಡುವೆ 51 ಮಿ.ಮೀ. ತೂತು ಇರಬೇಕು ಎಂದೆ. ಅಂಗಡಿಯವರು ಸೀಮೆಸುಣ್ಣದಲ್ಲಿ ಕಬ್ಬಿಣದ ಮೇಜಿನ ಮೇಲೆಯೇ ಲೆಕ್ಕ ಹಾಕಿದರು: 8 ಮಿ.ಮೀ. ದಪ್ಪ ಇಟ್ಟರೆ ಹೊರಗಿನ ಅಳತೆ 113 ಮಿ.ಮೀ. ಬರಬೇಕು. ತುಂಡನ್ನು ಲೇತಿನ ಚಕ್‌ಗೆ ಕಚ್ಚಿಸಿ ತಿರುಗಿಸಿದರು. ಸುರುಳಿ ಸುರುಳಿಯಾಗಿ ಕಬ್ಬಿಣದ ಸಿಪ್ಪೆ ಬಿತ್ತು, ಬಿಸಿ ಎಣ್ಣೆಯ ವಾಸನೆ. ಪಕ್ಕದ ದಿನಸಿ ಅಂಗಡಿಯ ತಕ್ಕಡಿ ಮೇಲಿಟ್ಟರೆ 512 ಗ್ರಾಂ. ಸಾಕು ಬಿಡಿ ಎಂದೆ, ಅವರು ಬಿಡಲಿಲ್ಲ, ಮತ್ತೆ ಕಚ್ಚಿಸಿ ತೆಳ್ಳಗೆ ಒಂದು ಪದರ ತೆಗೆದರು. "ಅಲ್ಲ ಮೇಡಂ, ಅರ್ಧ ಕೆ.ಜಿ.ಯಿಂದ ಏನಾಗ್ತದೆ?" ಎಂದರು. ಒಂದೇ ಸಲ ಹೆಚ್ಚು ಏರಿಸಿದರೆ ಭುಜ ತಡೆಯುವುದಿಲ್ಲ ಎಂದೆ. ಅವರು ಟೂಲಿನ ಮೊನೆ ತೋರಿಸಿದರು. "ನಮ್ದೂ ಹಂಗೇ. ಒಂದೇ ಸಲ ಜಾಸ್ತಿ ಕಟ್ ಕೊಟ್ರೆ ಇದು ಮುರೀತದೆ. ಚೂರ್‌ಚೂರೇ ಕೊಟ್ರೆ ಎಂಥಾ ಕಬ್ಬಿಣಾನೂ ಬಗ್ಗುತ್ತೆ." ಬಿಲ್ಲೆಗಳು ಈಗ ನನ್ನ ಬ್ಯಾಗಿನಲ್ಲೇ ಇರುತ್ತವೆ. 20 ಆದ ಮೇಲೆ 21, ಅದು ಮೂರೂ ಸುತ್ತು ಸಲೀಸಾಗಿ ಬಂದರೆ ಮಾತ್ರ 22. ಜಿಮ್‌ಗೆ ಬರುವ ಹೆಂಗಸರು ಈಗ ಅವನ್ನು ಕೇಳಿ ಪಡೆಯುತ್ತಾರೆ.

ಕೆಲವು ಪಟ್ಟುಗಳು

ಹೊಸಬರು ಕೇಳಿದಾಗ ನಾನು ಬಿಡದೆ ಹೇಳುವ ಮಾತುಗಳಿವೆ. ಪ್ರತಿ ಸುತ್ತಿನಲ್ಲೂ ಇನ್ನೂ ಎರಡು ಸಲ ಎತ್ತಬಹುದು ಅನ್ನಿಸುವಾಗಲೇ ಇಳಿಸಿ. ಪೂರ್ತಿ ಸೋತ ಮೇಲಿನ ಎತ್ತುವಿಕೆಯಲ್ಲೇ ಬೆನ್ನು ಬಾಗುವುದು, ಪೆಟ್ಟಾಗುವುದು. ಸ್ಕ್ವಾಟ್, ಅಂದರೆ ಹೆಗಲ ಮೇಲೆ ಬಾರ್ ಹೊತ್ತು ಕೂತು ಏಳುವುದು, ಮಾಡುವಾಗ ಬಾರ್ ಇಡುವ ರ‍್ಯಾಕಿನ ಅಡ್ಡ ಪಿನ್ನುಗಳನ್ನು ನೀವು ಪೂರ್ತಿ ಕೂತಾಗ ಬಾರ್ ಬರುವ ಎತ್ತರಕ್ಕಿಂತ ಚೂರು ಕೆಳಗೆ ಹಾಕಿಕೊಳ್ಳದೆ ಬಾರ್ ಕೆಳಗೆ ತಲೆ ಕೊಡಬೇಡಿ. ಬೆಂಚ್ ಪ್ರೆಸ್ಸನ್ನು, ಅಂದರೆ ಬೆಂಚಿನ ಮೇಲೆ ಮಲಗಿ ಎದೆಯಿಂದ ಬಾರ್ ಮೇಲೆತ್ತುವುದನ್ನು, ಒಬ್ಬರೇ ಇರುವಾಗ ಮಾಡಲೇಬೇಡಿ. ಎದೆ ಮೇಲೆ ಬಿದ್ದ ಬಾರನ್ನು ಎತ್ತಲು ಇನ್ನೊಬ್ಬರು ಬೇಕು.

ಬಿ.ಪಿ. ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಭಾರಿ ತೂಕ ಎತ್ತುವಾಗ ಉಸಿರು ಬಿಗಿಹಿಡಿದು ಹೊಟ್ಟೆ ಗಟ್ಟಿ ಮಾಡುವುದು ಬೆನ್ನಿಗೆ ಆಸರೆ, ಪಳಗಿದವರೆಲ್ಲ ಹಾಗೇ ಮಾಡುತ್ತಾರೆ. ಆದರೆ ಆ ಕ್ಷಣಕ್ಕೆ ರಕ್ತದೊತ್ತಡ ತೀರಾ ಮೇಲೇರುತ್ತದೆ. ಬಿ.ಪಿ. ಇದ್ದೂ ಗೊತ್ತಿಲ್ಲದವರು ನಮ್ಮ ನಡುವೆ ಬೇಕಾದಷ್ಟು ಜನ ಇದ್ದಾರೆ. ನಲವತ್ತು ದಾಟಿದವರು ಜಿಮ್ ಫೀಸು ಕಟ್ಟುವ ಮೊದಲು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಬಿ.ಪಿ. ನೋಡಿಸಿಕೊಳ್ಳಿ. ಹೆಚ್ಚಿದ್ದರೆ ಡಾಕ್ಟರನ್ನು ಕೇಳಿಯೇ ಶುರು ಮಾಡಿ, ಹಗುರ ತೂಕ ಇಟ್ಟುಕೊಂಡು, ಎತ್ತುವಾಗ ಉಸಿರು ಬಿಡುತ್ತಾ ಮಾಡಿ.

ನೋವಿನಲ್ಲೂ ಬಗೆಗಳಿವೆ. ಮಾರನೆಯ ದಿನ, ಅದರ ಮಾರನೆಯ ದಿನ ತೊಡೆಯೆಲ್ಲ ಬಿಗಿದು ಮೆಟ್ಟಿಲಿಳಿಯಲು ಕಷ್ಟವಾಗುವುದು ಸಹಜ, ತಾನಾಗಿ ಹೋಗುತ್ತದೆ. ಕೀಲಿನೊಳಗೆ ಚುಚ್ಚುವ ನೋವು, ಬೆನ್ನಿನಿಂದ ಕಾಲಿಗೆ ಇಳಿಯುವ ಸೆಳೆತ, ಜೋಮು, ಇವು ನಿಲ್ಲಿಸು ಎಂಬ ಸೂಚನೆ. ಇನ್ನೊಂದು ಅಪಾಯ ಎಷ್ಟೋ ಟ್ರೈನರ್‌ಗಳಿಗೂ ಗೊತ್ತಿಲ್ಲ. ಅಭ್ಯಾಸವಿಲ್ಲದವರು ಮೊದಲ ದಿನವೇ ಅತಿಯಾಗಿ ಮಾಡಿದರೆ ಸ್ನಾಯು ಒಡೆದು ಅದರ ಅಂಶ ರಕ್ತಕ್ಕೆ ಸೇರಿ ಕಿಡ್ನಿಗೆ ಪೆಟ್ಟು ಕೊಡಬಹುದು. ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಹಾಗಾದರೆ ಮನೆಮದ್ದು ಮಾಡುತ್ತಾ ಕೂರದೆ ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಊಟದ ವಿಷಯ ಬೇಗ ಮುಗಿಸುತ್ತೇನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐ.ಸಿ.ಎಂ.ಆರ್.) 2020ರಲ್ಲಿ ಹೇಳಿದ ಪ್ರಕಾರ ದೊಡ್ಡವರಿಗೆ ದೇಹದ ತೂಕದ ಕೆ.ಜಿ.ಗೆ 0.83 ಗ್ರಾಂ ಪ್ರೋಟೀನ್ ಬೇಕು, 60 ಕೆ.ಜಿ. ಇರುವವರಿಗೆ ಸುಮಾರು 50 ಗ್ರಾಂ. ಭಾರ ಎತ್ತುವವರಿಗೆ ಇನ್ನೂ ಹೆಚ್ಚು. ನಮ್ಮ ಮುದ್ದೆ ಮೂಳೆಗೆ ಒಳ್ಳೆಯದು, ಆದರೆ 100 ಗ್ರಾಂ ರಾಗಿಹಿಟ್ಟಿನಲ್ಲಿ ಪ್ರೋಟೀನ್ 7 ಗ್ರಾಂ ಮಾತ್ರ. ಅಷ್ಟೇ ಹುರುಳಿಕಾಳಿನಲ್ಲಿ 22ರ ಹತ್ತಿರ. ಮುದ್ದೆ ಚಿಕ್ಕದು ಮಾಡಿ, ಸಾರಿನಲ್ಲಿ ಕಾಳು ಹೆಚ್ಚಿಸಿ, ಜೊತೆಗೆ ಮೊಟ್ಟೆಯೋ ಮೊಸರೋ ಇರಲಿ. ಡಬ್ಬಿ ಪೌಡರ್ ಇಲ್ಲದೆಯೂ ಆಗುತ್ತದೆ. ಜಿಮ್‌ನಲ್ಲಿ ಯಾರಾದರೂ ಮೈ ಬೆಳೆಸುವ ಇಂಜೆಕ್ಷನ್ ಮಾತೆತ್ತಿದರೆ ಆ ಜಿಮ್ ಬಿಡಿ.

ನಮ್ಮ ನೀರು, ನಮ್ಮ ಮೂಳೆ

ಬೇರೆ ಊರಿನವರು ಬರೆದ ಸಲಹೆಗಳಲ್ಲಿ ಇಲ್ಲದ ಒಂದು ವಿಷಯ ನಮ್ಮ ಕಡೆ ಇದೆ. ಕೋಲಾರ, ಚಿಕ್ಕಬಳ್ಳಾಪುರ, ಆಚೆ ಪಾವಗಡದ ಕಡೆಯೆಲ್ಲ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್. ಲೀಟರಿಗೆ 1.5 ಮಿ.ಗ್ರಾಂ ಮೀರಬಾರದು, ಎಷ್ಟೋ ಹಳ್ಳಿಗಳಲ್ಲಿ ಮೀರಿದೆ. ಮಕ್ಕಳ ಹಲ್ಲಿನ ಕಂದು ಕಲೆ ಎಲ್ಲರ ಕಣ್ಣಿಗೂ ಬೀಳುತ್ತದೆ. ವರ್ಷಗಟ್ಟಲೆ ಆ ನೀರು ಕುಡಿದ ಹಿರಿಯರ ಬೆನ್ನು, ಕತ್ತು ಒಳಗೊಳಗೇ ಬಿಗಿಯುವುದು ಬೀಳುವುದಿಲ್ಲ. ಮೂಳೆ ಎಕ್ಸ್‌ರೇಯಲ್ಲಿ ದಟ್ಟವಾಗಿ ಕಾಣುತ್ತದೆ, ಆದರೆ ಪೆಡಸಾಗಿರುತ್ತದೆ. ಕೀಲಿನ ಕಟ್ಟುಗಳಲ್ಲಿ ಸುಣ್ಣ ಸೇರಿ ಮೈ ಬಗ್ಗುವುದಿಲ್ಲ. ಅಂಥವರಿಗೆ "ವಯಸ್ಸಾಯ್ತು, ಸ್ವಲ್ಪ ಸ್ಟ್ರೆಚ್ ಮಾಡಿ, ಸರಿಹೋಗ್ತದೆ" ಎಂದು ಎಳೆದಾಡುವುದು ಅಪಾಯ. ಇಲ್ಲಿನ ಹಿರಿಯರ ಕೈಗೆ ತೂಕ ಕೊಡುವ ಮೊದಲು ಮೂಳೆ ಡಾಕ್ಟರಿಗೆ ತೋರಿಸಬೇಕು.

ನಮ್ಮಮ್ಮ ಬೆಳೆದದ್ದು ಮುಳಬಾಗಿಲು ಕಡೆಯ ಹಳ್ಳಿಯಲ್ಲಿ, ಅರವತ್ತೈದು ದಾಟಿದ್ದಾರೆ. ಆ ವಯಸ್ಸಿನವರು ವಾರಕ್ಕೆ ಮೂರು ದಿನವಾದರೂ ಬಲ ಮತ್ತು ಸಮತೋಲನದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಅಮ್ಮನಿಗೆ ವ್ಯಾಯಾಮ ಎಂದರೆ ಬೇಡ, ಕೆಲಸ ಎಂದರೆ ಬೇಕು. ಶುದ್ಧ ನೀರಿನ ಘಟಕದಿಂದ 20 ಲೀಟರಿನ ಕ್ಯಾನು ತರುವುದು ನಮ್ಮ ಬೀದಿಯಲ್ಲಿ ಹೆಂಗಸರ ಕೆಲಸ. ಫ್ಲೋರೈಡಿನಿಂದ ಉಳಿಸುವ ಆ ನೀರೇ 20 ಕೆ.ಜಿ. ತೂಗುತ್ತದೆ, ಅದನ್ನು ಒಂದೇ ಕೈಯಲ್ಲಿ, ಒಂದೇ ಕಡೆ ವಾಲಿ ಹೊತ್ತು ತರುತ್ತಾರೆ. ಅಮ್ಮನೂ ಹಾಗೇ ತರುತ್ತಿದ್ದರು. ಡಾಕ್ಟರು ಎಕ್ಸ್‌ರೇ ನೋಡಿ, ಬೆನ್ನು ಬಗ್ಗಿಸುವ ವ್ಯಾಯಾಮ ಬೇಡ, ಕುರ್ಚಿಯಿಂದ ಏಳುವುದು ಕೂರುವುದು, ಹಗುರ ತೂಕ ಹಿಡಿದು ನಡೆಯುವುದು ಆಗಬಹುದು ಎಂದರು. ದೊಡ್ಡ ಕ್ಯಾನು ಈಗ ನನ್ನ ಪಾಲಿಗೆ. ಅಮ್ಮನಿಗೆ ಹಿಡಿಕೆ ಇರುವ ಎರಡು ಚಿಕ್ಕ ಕ್ಯಾನು, ಎರಡು ಕೈಗೂ ಒಂದೊಂದು. ಸ್ಟೂಲಿನ ಮೇಲಿಟ್ಟಿರುತ್ತೇವೆ, ನೆಲದಿಂದ ಬಗ್ಗಿ ಎತ್ತುವಂತಿಲ್ಲ. ಶುರುವಿನಲ್ಲಿ ಒಂದೊಂದರಲ್ಲೂ ಎರಡೆರಡು ಲೀಟರ್ ತುಂಬಿ ಅಂಗಳದ ಈ ತುದಿಯಿಂದ ಆ ತುದಿಗೆ ನಡೆದರು. ಲೀಟರಿಗೆ ಒಂದು ಕೆ.ಜಿ., ಲೋಟದಲ್ಲಿ ಅಳೆದು ಹಾಕಿದರೆ ಕಾಲು ಕೆ.ಜಿ.ಯಷ್ಟೂ ಏರಿಸಬಹುದು, ಜಿಮ್‌ನಲ್ಲಿ ಸಿಗದ ಸೌಕರ್ಯ ಇದು. ಒಂದು ದಿನ ನಡೆದರೆ ಮಾರನೆಯ ದಿನ ಬಿಡುವು. ಎಷ್ಟು ತುಂಬಬೇಕೆಂದು ನಾನು ಹೇಳುವುದಿಲ್ಲ. ನಿನ್ನೆ ಮೂರು ಲೀಟರಿಗೆ ಇನ್ನೊಂದು ಲೋಟ ಸುರಿದುಕೊಂಡು ಎತ್ತಿ ನೋಡಿದರು, ಕೆಳಗಿಟ್ಟರು, ಆ ಲೋಟದ ನೀರನ್ನು ವಾಪಸು ಬಿಂದಿಗೆಗೆ ಬಗ್ಗಿಸಿ, "ಇವತ್ತು ಬೇಡ, ನಾಳಿದ್ದು ನೋಡ್ತೀನಿ" ಅಂದರು.